ಮಣ್ಣಕ್ಕನ ಮೌನಿ ಚೀಲ

ಮಣ್ಣಕ್ಕ ಎಂಬ ಹೆಸರಿಟ್ಟವನು ನಾನೇ. ಅದಕ್ಕೆ ಮೊದಮೊದಲು ಬೇಕಾದಷ್ಟು ಬೈಸಿಕೊಂಡೆ. ಈಗ ಅವರ ಗಂಡನೇ ಹಾಗೆ ಕರೆಯುತ್ತಾರೆ, ಕೆಳಗಿನ ಬೀಜದ ಅಂಗಡಿಯವನೂ ಹಾಗೇ ಕರೆಯುತ್ತಾನೆ. ಒಮ್ಮೆ ಆಸ್ಪತ್ರೆಯಲ್ಲಿ ನರ್ಸು ಅವರ ನಿಜವಾದ ಹೆಸರು ಹಿಡಿದು ಮೂರು ಸಲ ಕೂಗಿದರೂ, ಯಾರನ್ನೋ ಕರೆಯುತ್ತಿದ್ದಾರೆ ಅಂತ ಇವರು ಸುಮ್ಮನೆ ಕೂತಿದ್ದರಂತೆ.

ನಾವಿಬ್ಬರೂ ಕೆಲಸ ಮಾಡುವುದು ಬೆಳೆಗಾರರ ಸಂಘದ ಲ್ಯಾಬಿನಲ್ಲಿ. ಲ್ಯಾಬ್ ಅಂದರೆ ದೊಡ್ಡದೇನಲ್ಲ. ಬೀಜದ ಅಂಗಡಿಯ ಮೇಲೆ ಮೂರು ಕೋಣೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದ ಮೆಟ್ಟಿಲು, ಕಿಟಕಿಯ ಕೆಳಗೆ ಬಸ್ ನಿಲ್ದಾಣದ ಗದ್ದಲ. ಮೊದಲ ಕೋಣೆಯಲ್ಲಿ ಮಣ್ಣು ಒಣಗಿಸುತ್ತೇವೆ. ಎರಡನೆಯದರಲ್ಲಿ ಅದನ್ನು ಪುಡಿ ಮಾಡಿ, ಜರಡಿ ಹಿಡಿದು, ಅದರೊಳಗಿನ ಜೀವಿಗಳ ಡಿಎನ್‌ಎ ಬೇರ್ಪಡಿಸುತ್ತೇವೆ. ಮೂರನೆಯದರಲ್ಲಿ ಯಂತ್ರವಿದೆ. ಕೊರೋನಾ ಕಾಲದಲ್ಲಿ ಎಲ್ಲರ ಮೂಗಿಗೂ ಕಡ್ಡಿ ತೂರಿಸಿ ಪರೀಕ್ಷೆ ಮಾಡುತ್ತಿದ್ದರಲ್ಲ, ಅದೇ ಪಿಸಿಆರ್ ಯಂತ್ರ. ನಾವು ಮೂಗು ಬಿಟ್ಟು ಹೊಲ ಹಿಡಿದಿದ್ದೇವೆ, ಅಷ್ಟೇ ವ್ಯತ್ಯಾಸ.

ಗಿಡವನ್ನು ಸೊರಗಿಸುವ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿತೆಂದರೆ ಬೆಳೆ ಇಲ್ಲದಿದ್ದರೂ ಎಂಟು ಹತ್ತು ವರ್ಷ ಉಸಿರು ಬಿಗಿಹಿಡಿದು ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಟೊಮೆಟೊ ನೆಟ್ಟು, ಗಿಡ ಸೊಂಪಾಗಿ ಬೆಳೆದು, ಕಾಯಿ ಕಚ್ಚುವ ಹೊತ್ತಿಗೆ ಎಲೆಯೆಲ್ಲ ಹಳದಿಯಾಗಿ ಜೋತುಬಿದ್ದಾಗಲೇ ಗೊತ್ತಾಗುವುದು. ಅದಕ್ಕೂ ಮೊದಲೇ, ಮಣ್ಣಿನಲ್ಲಿ ಅದು ಎಷ್ಟಿದೆ ಎಂದು ಅಳೆದು ಹೇಳುವುದು ನಮ್ಮ ಕೆಲಸ. ಯಂತ್ರ ಆ ಶಿಲೀಂಧ್ರದ ಡಿಎನ್‌ಎಯನ್ನು ಒಂದೊಂದು ಸುತ್ತಿಗೂ ಇಮ್ಮಡಿ ಮಾಡುತ್ತಾ ಹೋಗುತ್ತದೆ. ಒಟ್ಟು ನಲವತ್ತು ಸುತ್ತು. ಪರದೆಯ ಮೇಲೆ ಗೆರೆ ಬೇಗ ಎದ್ದರೆ ರೋಗ ಜಾಸ್ತಿ, ತಡವಾಗಿ ಎದ್ದರೆ ಕಡಿಮೆ, ನಲವತ್ತರವರೆಗೂ ಮಲಗೇ ಇದ್ದರೆ ಇಲ್ಲ. ನನಗೆ ಈ ಮೂರು ಮಾತು ಅರ್ಥವಾಗಲು ಆರು ತಿಂಗಳು ಬೇಕಾಯಿತು.

ಮಣ್ಣಕ್ಕ ಈ ಲ್ಯಾಬಿಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಗಾಜಿನ ಬಟ್ಟಲು ತೊಳೆಯುವ ಕೆಲಸಕ್ಕೆ. ಆಗ ಇಲ್ಲಿದ್ದ ವಿಜ್ಞಾನಿಯೊಬ್ಬರು ಬಟ್ಟಲುಗಳಲ್ಲಿ ಶಿಲೀಂಧ್ರ ಬೆಳೆಸಿ ಎಣಿಸುತ್ತಿದ್ದರು. ಬೇರೆಯವರು ತೊಳೆದ ಬಟ್ಟಲಲ್ಲಿ ಬೇಡದ ಬೂಷ್ಟು ಬರುತ್ತಿತ್ತು, ಈ ಹುಡುಗಿ ತೊಳೆದದ್ದರಲ್ಲಿ ಬರುತ್ತಿರಲಿಲ್ಲ. "ನೀನು ಏನು ಹಾಕಿ ತೊಳೀತೀಯಮ್ಮ?" ಎಂದು ಅವರು ಕೇಳಿದರಂತೆ. "ಅದೇ ಸೋಪು ಸಾರ್, ಆದರೆ ನನಗೆ ಕೊಳೆ ಕಂಡರೆ ಸಿಟ್ಟು ಬರುತ್ತೆ" ಎಂದರಂತೆ ಇವರು. ಮರುದಿನವೇ ಇವರನ್ನು ತೊಟ್ಟಿಯ ಮುಂದಿನಿಂದ ಎಬ್ಬಿಸಿ ಮೇಜಿನ ಮುಂದೆ ಕೂರಿಸಿದರು. ಅದಾಗಿ ಮೂವತ್ತು ವರ್ಷವಾಯಿತು, ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಪಿಸಿಆರ್ ಯಂತ್ರ ಬಂದಾಗ ಕಂಪನಿಯ ಇಂಜಿನಿಯರು ಎರಡು ದಿನ ಪಾಠ ಮಾಡಿದ. ಎಲ್ಲ ಮುಗಿದ ಮೇಲೆ ಮಣ್ಣಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು.

"ಇದು ಸುಳ್ಳು ಹೇಳಿದರೆ ನನಗೆ ಹೇಗೆ ಗೊತ್ತಾಗುತ್ತೆ?"

"ಯಂತ್ರ ಸುಳ್ಳು ಹೇಳಲ್ಲ ಮೇಡಂ" ಎಂದು ಅವನು ನಕ್ಕ.

"ಸರಿ, ನಾವೇ ಅದರ ಬಾಯಲ್ಲಿ ಸುಳ್ಳು ಹೇಳಿಸಿದರೆ?"

ಅವನ ಉತ್ತರಕ್ಕೆ ಇವರು ಕಾಯಲಿಲ್ಲ. ಬಾವಿ ತೋಡುವವರನ್ನು ಹಿಡಿದು ಆಳದ ಮಣ್ಣು ತರಿಸಿದರು. ಅದನ್ನು ಲ್ಯಾಬಿನ ಕುಲುಮೆಯಲ್ಲಿ ಕಾಸಿ, ಇದ್ದಬದ್ದ ಜೀವದ ಗುರುತನ್ನೆಲ್ಲ ಸುಟ್ಟರು. ಅಂದಿನಿಂದ ಹೊಲಗಳ ಮಣ್ಣಿನ ಚೀಲಗಳ ಪ್ರತಿ ಕಂತಿನಲ್ಲೂ ಈ ಸುಟ್ಟ ಮಣ್ಣಿನ ಒಂದು ಚೀಲ ಸೇರುತ್ತದೆ. ಅದಕ್ಕೂ ಉಳಿದವುಗಳಂತೆಯೇ ನಂಬರು, ಒಬ್ಬ ಸುಳ್ಳು ರೈತನ ಹೆಸರು. ಯಾವ ನಂಬರು ಎಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಬೀರುವಿನಲ್ಲಿ ಇಡುತ್ತಾರೆ. ಗೆರೆಗಳನ್ನೆಲ್ಲ ನೋಡಿ ಬರೆದಾದ ಮೇಲೆಯೇ ಲಕೋಟೆ ಒಡೆಯುವುದು. ಆ ಚೀಲದ ಹೆಸರು ಮೌನಿ. ಮೌನಿ ಮಾತಾಡಬಾರದು. ಮಾತಾಡಿದನೆಂದರೆ ತಪ್ಪು ಹೊಲದ್ದಲ್ಲ, ನಮ್ಮದು. ಯಾವುದು ಮೌನಿ ಎಂದು ಪತ್ತೆಹಚ್ಚಲು ಹನ್ನೆರಡು ವರ್ಷ ಕಣ್ಣು ಕಿಸಿದು ನೋಡಿದ್ದೇನೆ, ಒಮ್ಮೆಯೂ ಆಗಿಲ್ಲ.

ಲ್ಯಾಬಿನಲ್ಲಿ ಹುಲಿಯಾದ ಮಣ್ಣಕ್ಕನನ್ನು ಮನೆಯ ಬಾಗಿಲಲ್ಲಿ ಹುಲಿಯಜ್ಜಿ ಕಾಯುತ್ತಿರುತ್ತಾರೆ. ಅವರ ಅತ್ತೆ. ಸಂಜೆ ಸೊಸೆ ಮೆಟ್ಟಿಲು ಹತ್ತುತ್ತಿದ್ದಂತೆ ಅಜ್ಜಿ ಕುರ್ಚಿಯಿಂದಲೇ, "ಚಪ್ಪಲಿ ತೋರಿಸು" ಎನ್ನುತ್ತಾರೆ. ಇವರು ಒಂದೊಂದೇ ಅಂಗಾಲು ಎತ್ತಿ ತೋರಿಸಬೇಕು. "ಊರಿನ ಹೊಲವೆಲ್ಲ ನಮ್ಮ ಹೊಸ್ತಿಲಿಗೇ ತರ್ತಾಳೆ" ಎಂದು ಗೊಣಗುತ್ತಲೇ ಅಜ್ಜಿ ಚಹಾ ಲೋಟ ಮುಂದಿಡುತ್ತಾರೆ. ಲ್ಯಾಬಿನಲ್ಲಿ ನನ್ನ ಚಪ್ಪಲಿ ನೋಡುವ ಚಟ ಮಣ್ಣಕ್ಕನಿಗೆ ಎಲ್ಲಿಂದ ಬಂತು ಎಂದು ಆ ಮನೆಗೆ ಹೋದ ದಿನ ನನಗೆ ತಿಳಿಯಿತು. ಇಬ್ಬರೂ ಮನೆಯಲ್ಲಿದ್ದಷ್ಟು ಹೊತ್ತೂ ಜಗಳವಾಡುತ್ತಾರೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಊಟ ಮಾಡುವುದಿಲ್ಲ.

ಇನ್ನು ಹೇಳಬೇಕಾದ ಸಂಗತಿಗೆ ಬರುತ್ತೇನೆ. ಇದರಲ್ಲಿ ನನ್ನ ಮಾನ ಹೋಗುತ್ತದೆ, ಹೋಗಲಿ.

ಕಳೆದ ವರ್ಷ ಬಿಸಿಲು ಕಾಲದಲ್ಲಿ ಇಬ್ಬರು ವಾರಗಿತ್ತಿಯರು ಲ್ಯಾಬಿಗೆ ಬಂದರು. ಅಣ್ಣತಮ್ಮಂದಿರನ್ನು ಮದುವೆಯಾದವರು. ಅಣ್ಣತಮ್ಮಂದಿರು ಒಂದೇ ಲಾರಿ ಓಡಿಸುತ್ತಾ ತಿಂಗಳಲ್ಲಿ ಇಪ್ಪತ್ತು ದಿನ ಊರಾಚೆ ಇರುತ್ತಾರೆ. ಈ ಇಬ್ಬರು ಸೇರಿ ಊರ ಹೊರಗೆ ಒಂದು ತುಂಡು ಹೊಲವನ್ನು ಗೇಣಿಗೆ ಮಾತಾಡಿಕೊಂಡಿದ್ದರು. ಟೊಮೆಟೊ ಹಾಕಬೇಕು, ಆದರೆ ಹಿಂದೆ ಅಲ್ಲಿ ಬೆಳೆದವನ ಗಿಡಗಳು ಸೊರಗಿಹೋಗಿದ್ದವೆಂದು ಯಾರೋ ಹೇಳಿ ಹೆದರಿಸಿದ್ದರು.

"ಸಸಿ ಆಗಲೇ ಮನೆ ಅಂಗಳದಲ್ಲಿ ಟ್ರೇ ತುಂಬಾ ಎದ್ದು ನಿಂತಿದೆ" ಎಂದಳು ಕಿರಿಯವಳು. "ಆರು ಸಾವಿರ. ಇನ್ನು ಹತ್ತು ದಿನ ಕಾಯಬಹುದು, ಅದಕ್ಕಿಂತ ಆಗಲ್ಲ. ಲಾರಿ ಅವರದ್ದು, ಮನೆ ಅವರದ್ದು. ಇದೊಂದು ನಮ್ಮ ಹೆಸರಲ್ಲಿ ಇರಲಿ ಅಂತ ಆಸೆ."

ಹಿರಿಯವಳು ಹೆಚ್ಚು ಮಾತಾಡುವವಳಲ್ಲ. "ರೋಗ ಇದ್ದರೆ ಇದೆ ಅಂತಲೇ ಹೇಳಿ. ಬಿಟ್ಟುಬಿಡ್ತೀವಿ" ಎಂದಷ್ಟೇ ಹೇಳಿದಳು. ಹಾಗೆ ಹೇಳುವಾಗ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಮಾರನೆಯ ದಿನ ನಾನೂ ಮಣ್ಣಕ್ಕನೂ ಹೋಗಿ ಆ ಹೊಲದ ಮಣ್ಣು ತಂದೆವು. ಅಂಕುಡೊಂಕಾಗಿ ನಡೆಯುತ್ತಾ ಇಪ್ಪತ್ತು ಕಡೆ ಕೊರೆದು, ಬಕೆಟ್ಟಿನಲ್ಲಿ ಕಲಸಿ ಒಂದು ಚೀಲ, ಹೀಗೆ ಹೊಲದ ನಾಲ್ಕು ಭಾಗಕ್ಕೆ ನಾಲ್ಕು ಚೀಲ. ಒಣಗಿಸುವ ಕೋಣೆಯಲ್ಲಿ ಕಾಗದದ ತಟ್ಟೆಗಳ ಮೇಲೆ ಹರಡಿಟ್ಟೆವು. ಅವಕ್ಕೆ ಆರರಿಂದ ಒಂಬತ್ತು ನಂಬರು. ಪಕ್ಕದ ಐದನೇ ತಟ್ಟೆ ಹಸಿರುಮನೆಯೊಂದರದ್ದು, ಅಲ್ಲಿ ಸೊರಗು ರೋಗಕ್ಕೆ ಒಂದು ಗಿಡವೂ ಉಳಿದಿರಲಿಲ್ಲ. ಆ ಮಣ್ಣು ಆಗಲೇ ಒಣಗಿ ಪುಡಿಪುಡಿಯಾಗಿತ್ತು.

ಶನಿವಾರ ಮಧ್ಯಾಹ್ನ ಮಣ್ಣಕ್ಕ ಮನೆಗೆ ಹೋಗಿಯಾಗಿತ್ತು. ಸೆಖೆ ಅಂದರೆ ಸೆಖೆ. ಮಣ್ಣು ಇನ್ನೂ ಹಸಿಯಾಗಿತ್ತು, ಕಿರಿಯವಳು ದಿನಕ್ಕೆರಡು ಸಲ ಫೋನು ಮಾಡಿ "ಆಯ್ತಾ ಅಣ್ಣಾ?" ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು. ಆ ಕೋಣೆ ಹಿಂದೆ ಸಾಮಾನಿನ ಕೋಣೆಯಾಗಿದ್ದಾಗ ಹಾಕಿಸಿದ ಸೀಲಿಂಗ್ ಫ್ಯಾನ್ ಒಂದು ಹಾಗೇ ಉಳಿದಿತ್ತು. ಅದನ್ನು ನಾವು ಯಾವತ್ತೂ ಹಾಕಿದವರಲ್ಲ. ಅವತ್ತು ನಾನು ಹಾಕಿದೆ. ಅರ್ಧ ಗಂಟೆ ಕೆಳಗೆ ಕೂತು ತಣ್ಣಗೆ ಊಟ ಮಾಡಿದೆ. ವಾಪಸ್ ಬಂದಾಗ ಮಣ್ಣು ಚೆನ್ನಾಗಿ ಒಣಗಿತ್ತು, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ಪುಡಿ ಮಾಡಿ ಡಿಎನ್‌ಎ ತೆಗೆದೆವು. ಮಂಗಳವಾರ ಯಂತ್ರಕ್ಕೆ ಹಾಕುವ ದಿನ. ಅವತ್ತೇ ಅಜ್ಜಿಗೆ ಹೊಸ ಹಲ್ಲು ಕಟ್ಟಿಸಲು ಡಾಕ್ಟರು ದಿನ ಕೊಟ್ಟಿದ್ದರು. ಮಣ್ಣಕ್ಕ ಹೊರಡುವಾಗ ನನಗೆ ಬೆರಳೆತ್ತಿ ಹೇಳಿದರು. "ಗೆರೆ ನೋಡು, ಬರೆದಿಡು. ಲಕೋಟೆ ಒಡೀಬೇಡ. ಮುಖ್ಯವಾಗಿ ಬಾಯಿ ಬಿಡಬೇಡ. ಬೆಳಿಗ್ಗೆ ನಾನು ಬರ್ತೀನಿ."

ಸಂಜೆ ನಾಲ್ಕಕ್ಕೆ ಗೆರೆಗಳು ಎದ್ದವು. ಐದನೆಯದು ಇಪ್ಪತ್ತೊಂದನೇ ಸುತ್ತಿಗೇ ಎದ್ದಿತು, ಅದು ಗೊತ್ತಿದ್ದದ್ದೇ. ಆರನೆಯದು ಇಪ್ಪತ್ತೆಂಟಕ್ಕೆ, ಏಳನೆಯದು ಇಪ್ಪತ್ತೊಂಬತ್ತಕ್ಕೆ, ಎಂಟನೆಯದು ಮೂವತ್ತಕ್ಕೆ, ಒಂಬತ್ತನೆಯದು ಮೂವತ್ತೊಂದಕ್ಕೆ. ನಾಲ್ಕಕ್ಕೆ ನಾಲ್ಕೂ ಎದ್ದಿದ್ದವು. ಆ ಇಬ್ಬರು ಮಧ್ಯಾಹ್ನದಿಂದ ಮೆಟ್ಟಿಲ ಮೇಲೆ ಕೂತಿದ್ದರು. ಬಾಗಿಲು ತೆಗೆದಾಗ ಹಿರಿಯವಳು ತಲೆಯೆತ್ತಿ ನನ್ನನ್ನು ನೋಡಿದಳು, ನನಗೆ ತಡೆಯಲಾಗಲಿಲ್ಲ. ಪಾಪ, ಸುಮ್ಮನೆ ಯಾಕೆ ಇನ್ನೊಂದು ದಿನ ಕಾಯಿಸುವುದು ಎಂದುಕೊಂಡೆ.

"ಇದೆ. ಹಾಕಬೇಡಿ" ಎಂದೆ.

ಕಿರಿಯವಳು ಗೋಡೆಗೆ ಹಣೆ ಹಚ್ಚಿ ನಿಂತಳು. ಹಿರಿಯವಳು "ಆಯ್ತು" ಎಂದು ಎದ್ದು, ಅವಳ ಕೈ ಹಿಡಿದು ಇಳಿಸಿಕೊಂಡು ಹೋದಳು.

ಬುಧವಾರ ಬೆಳಿಗ್ಗೆ ಮಣ್ಣಕ್ಕ ಬಂದು, ನನ್ನ ಬರವಣಿಗೆ ಓದಿ, ಬೀರು ತೆಗೆದು ಲಕೋಟೆ ಒಡೆದರು. ಚೀಟಿಯಲ್ಲಿದ್ದದ್ದು ಹತ್ತು. ಹತ್ತನೇ ನಂಬರಿನ ಮುಂದೆ ನಾನೇ ಬರೆದಿದ್ದೆ, ಮೂವತ್ತೆರಡನೇ ಸುತ್ತು. ಯಾರೋ ಬಡಪಾಯಿಯ ಹೊಲ ಎಂದುಕೊಂಡಿದ್ದೆ.

ಮೌನಿ ಮಾತಾಡಿದ್ದ.

ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲೇ ಇಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಹಳೆಯ ಕಾಗದದ ಹಿಂಬದಿಯಲ್ಲಿ ಒಣಗಿಸುವ ಮೇಜಿನ ಚಿತ್ರ ಬರೆದು, ಒಂದೊಂದು ತಟ್ಟೆಯ ಜಾಗದಲ್ಲೂ ಅದರ ಸುತ್ತಿನ ಸಂಖ್ಯೆ ತುಂಬಿದರು. ಇಪ್ಪತ್ತೊಂದು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು, ಮೂವತ್ತೆರಡು. ಐದನೇ ತಟ್ಟೆಯಿಂದ ದೂರ ಹೋದಂತೆ ಗೆರೆ ಎದ್ದದ್ದೂ ತಡ. ಆಚೆ ಮೂಲೆಯ ಮೇಜಿನ ಮೇಲಿದ್ದ ಒಂದರಿಂದ ನಾಲ್ಕು ನಂಬರಿನವು ಒಂದೂ ಎದ್ದಿರಲಿಲ್ಲ. ಮಣ್ಣಕ್ಕ ಸೂರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಫ್ಯಾನ್ ಹಾಕಿದ್ಯಾ?"

"ಅರ್ಧ ಗಂಟೆ ಅಕ್ಕಾ."

"ಧೂಳು ಹಾರೋಕೆ ಅರ್ಧ ನಿಮಿಷ ಸಾಕು. ಸರಿ, ಮತ್ತೆ ಮಾಡಿದರಾಯ್ತು." ಪೆನ್ನಿನ ಮುಚ್ಚಳ ಹಾಕುತ್ತಾ, "ಆ ಹೆಂಗಸರಿಗೆ ಏನೂ ಹೇಳಿಲ್ಲ ತಾನೆ?" ಎಂದರು.

ನನ್ನ ಮುಖವೇ ಹೇಳಿತು. ಮಣ್ಣಕ್ಕ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಸ್ಕೂಟರ್ ತೆಗಿ!"

ಆ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ನನ್ನ ಪೂರ್ವಜರ ಸಮೇತ ಎಲ್ಲರಿಗೂ ಬೈಗುಳ ಸಿಕ್ಕಿತು. ನಿಜ ಹೇಳಬೇಕೆಂದರೆ ನನಗೆ ಅರ್ಧ ಜೀವ ವಾಪಸ್ ಬಂದಂತಾಯಿತು. ನಾವು ಹೋದಾಗ ಅಂಗಳದಲ್ಲಿ ಅರ್ಧಕ್ಕರ್ಧ ಟ್ರೇ ಖಾಲಿಯಾಗಿತ್ತು. ಸಾಯುವ ಬದಲು ಯಾರ ಮನೆಯಲ್ಲಾದರೂ ಬದುಕಲಿ ಎಂದು ಬೆಳಿಗ್ಗೆಯಿಂದ ಬಂದವರಿಗೆಲ್ಲ ಹಂಚುತ್ತಿದ್ದರು. ಒಬ್ಬ ತಳ್ಳುಗಾಡಿಯವನು ಆರು ಟ್ರೇ ಪೇರಿಸಿಕೊಂಡು ಹೊರಟಿದ್ದ. ಮಣ್ಣಕ್ಕ ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು.

"ಇಳಿಸಿ. ತಪ್ಪಾಗಿದೆ. ತಪ್ಪು ನಮ್ಮದು."

ಹಿರಿಯವಳು ಸಸಿ ಕೈಯಲ್ಲಿ ಹಿಡಿದೇ ಹತ್ತಿರ ಬಂದಳು. "ಹಾಗಾದರೆ ರೋಗ ಇಲ್ವಾ?"

ಇಲ್ಲ ಅಂದುಬಿಡಿ ಅಕ್ಕಾ ಎಂದು ನಾನು ಮನಸ್ಸಿನೊಳಗೇ ಕೂಗಿಕೊಂಡೆ. ಮಣ್ಣಕ್ಕ ಅಂಥವರಲ್ಲ.

"ಗೊತ್ತಿಲ್ಲಮ್ಮ. ಇದೆ ಅಂದದ್ದು ಸುಳ್ಳು. ಇಲ್ಲ ಅನ್ನೋದಕ್ಕೂ ನನ್ನ ಹತ್ತಿರ ಏನೂ ಇಲ್ಲ. ಈಗಲೇ ಮತ್ತೆ ಮಣ್ಣು ತಗೊಂಡು ಹೋಗ್ತೀನಿ. ಶುಕ್ರವಾರ ಸಂಜೆಯೊಳಗೆ ಹೇಳ್ತೀನಿ."

ಕಿರಿಯವಳು ಅಳುತ್ತಿದ್ದವಳು ನಕ್ಕುಬಿಟ್ಟಳು. "ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ದೂರ ಓಡಿ ಬಂದ್ರಾ?"

"ಹೌದು" ಎಂದರು ಮಣ್ಣಕ್ಕ.

ಹಿರಿಯವಳು ನನ್ನತ್ತ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿ ಮನೆಮನೆಗೆ ಹೊರಟಳು, ಕೊಟ್ಟದ್ದನ್ನು ವಾಪಸ್ ಕೇಳಲು. ನಾವು ಹೊಲದಿಂದ ಮಣ್ಣು ತೆಗೆದುಕೊಂಡು ಹಿಂದಿರುಗುವಷ್ಟರಲ್ಲಿ ಬೀದಿಯಲ್ಲಿ ಒಂದು ಮೆರವಣಿಗೆಯೇ ಬರುತ್ತಿತ್ತು. ಶಾಲೆಯ ಟೀಚರು ಸಸಿಗಳನ್ನು ಮಕ್ಕಳ ತಲೆಗೊಂದು ಟ್ರೇಯಂತೆ ಹೊರಿಸಿಕೊಂಡು, ಒಂದು ಎಲೆಯೂ ಮುರಿಯಬಾರದೆಂದು ಕೂಗುತ್ತಾ ಮುಂದೆ ನಡೆಯುತ್ತಿದ್ದರು. ಪಕ್ಕದ ಮನೆಯ ದರ್ಜಿ ಮಾತ್ರ, ನಲವತ್ತು ಸಸಿ ಆಗಲೇ ನೆಟ್ಟಾಯಿತು, ಬೇಕಾದರೆ ಹಣ್ಣು ಕೊಡುತ್ತೇನೆ ಎಂದ.

ದಾರಿಯಲ್ಲಿ ನಾನು ಕೇಳಿದೆ. "ಅಕ್ಕಾ, ತಪ್ಪು ನಂದು. ನಮ್ಮದು ಅಂತ ಯಾಕೆ ಅಂದ್ರಿ?"

"ಸ್ವಿಚ್ಚು ಒತ್ತಿದ್ದು ನೀನು. ಮಣ್ಣು ಒಣಗಿಸೋ ಕೋಣೆಯಲ್ಲಿ ಫ್ಯಾನ್ ಯಾಕೆ ನೇತಾಡ್ತಿದೆ ಅಂತ ಇಷ್ಟು ವರ್ಷ ಕೇಳದೆ ಇದ್ದದ್ದು ನಾನು. ಈಗ ರಸ್ತೆ ನೋಡಿಕೊಂಡು ಓಡಿಸು."

ಅವತ್ತೇ ಎಲೆಕ್ಟ್ರಿಷಿಯನ್ ಬಂದು ಫ್ಯಾನ್ ಬಿಚ್ಚಿಕೊಂಡು ಹೋದ. ಕೋಣೆಯನ್ನು ನಾನು ಮೂರು ಸಲ ಒರೆಸಿದೆ, ಮೂರನೇ ಸಲ ಮಾತ್ರ ಅವರು ಹೂಂ ಅಂದರು. ಒಂದೊಂದು ತಟ್ಟೆಗೂ ಕಾಗದದ ಟೊಪ್ಪಿ ಹಾಕಿದೆವು. ಈ ಸಲ ಎರಡು ಮೌನಿ.

ಶುಕ್ರವಾರ ಮಧ್ಯಾಹ್ನ ವಾರಗಿತ್ತಿಯರು ಬಂದರು. ಮಣ್ಣಕ್ಕ ಅವರನ್ನು ಮೆಟ್ಟಿಲ ಮೇಲೆ ಕೂರಿಸಲಿಲ್ಲ, ಯಂತ್ರದ ಕೋಣೆಗೇ ಕರೆದು ಪರದೆಯ ಮುಂದೆ ಎರಡು ಸ್ಟೂಲು ಹಾಕಿದರು. ಗೆರೆ ಎದ್ದರೇನು, ಮಲಗಿದರೇನು ಎಂದು ತಿಳಿಸಿ ಹೇಳಿದರು. ಹೋಲಿಸಲೆಂದು ಹಾಕಿದ್ದ ಹಸಿರುಮನೆಯ ಮಣ್ಣು ಇಪ್ಪತ್ತೊಂದಕ್ಕೆ ಎದ್ದಿತು. "ನಮ್ಮದಾ?" ಎಂದು ಕಿರಿಯವಳು ಹೌಹಾರಿದಳು. "ಅಲ್ಲಮ್ಮ, ಅದು ಸತ್ತ ತೋಟ" ಎಂದರು ಮಣ್ಣಕ್ಕ. ಇಪ್ಪತ್ತೆಂಟು ಬಂತು. ಮೂವತ್ತು. ಮೂವತ್ತೆರಡು. ಕಿರಿಯವಳು ಪ್ರತಿ ಸುತ್ತನ್ನೂ ಗಟ್ಟಿಯಾಗಿ ಎಣಿಸುತ್ತಿದ್ದಳು, ಹಿರಿಯವಳು ಸ್ಟೂಲಿನ ಅಂಚು ಬಿಗಿಯಾಗಿ ಹಿಡಿದಿದ್ದಳು. ಮೂವತ್ತೈದು ದಾಟಿತು. ನಲವತ್ತು ಮುಗಿಯಿತು. ನಾಲ್ಕೂ ಗೆರೆಗಳು ಚಾಪೆ ಹಾಸಿದಂತೆ ಮಲಗಿದ್ದವು.

ಆಗಲೂ ಮಣ್ಣಕ್ಕ ಬಾಯಿ ಬಿಡಲಿಲ್ಲ. ಬೀರುವಿಗೆ ಹೋಗಿ, ಲಕೋಟೆ ಒಡೆದು, ಎರಡು ನಂಬರನ್ನೂ ಪರದೆಯ ಮೇಲೆ ಬೆರಳಿಟ್ಟು ಹುಡುಕಿ, ಎರಡೂ ಸುಮ್ಮನಿವೆಯೆಂದು ಖಾತ್ರಿ ಮಾಡಿಕೊಂಡು, ಕನ್ನಡಕ ತೆಗೆದರು.

"ಸೊರಗು ರೋಗ ಇಲ್ಲ. ನೆಡಿ. ಮಳೆ, ಹುಳು, ಮಾರ್ಕೆಟ್ಟು ಇವೆಲ್ಲ ನನಗೆ ಗೊತ್ತಿಲ್ಲ. ಇದೊಂದು ಗೊತ್ತು."

ಕಿರಿಯವಳು ಮಣ್ಣಕ್ಕನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಯೇಬಿಟ್ಟಳು. ಲ್ಯಾಬಿನಲ್ಲಿ ಯಾರೂ ಯಾರನ್ನೂ ಮುಟ್ಟಬಾರದೆಂಬ ಕಟ್ಟಳೆಯ ಒಡತಿ ಅವತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಭಾನುವಾರ ನಾಟಿ. ನಮ್ಮನ್ನೂ ಕರೆದಿದ್ದರು. ಮಣ್ಣಕ್ಕ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬಂದರು. ಅಜ್ಜಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಹೊಸ ಹಲ್ಲು ಬಿಟ್ಟುಕೊಂಡು, ಸಾಲು ಡೊಂಕಾಯಿತೆಂದು ಎಲ್ಲರ ಮೇಲೂ ಅಧಿಕಾರ ಚಲಾಯಿಸುತ್ತಿದ್ದರು. ಹಿರಿಯವಳು ಐದು ದಿನದ ಮೇಲೆ ಮೊದಲ ಸಲ ನನ್ನ ಮುಂದೆ ಬಂದು ನಿಂತು, ಒಂದು ತುಂಬಿದ ಟ್ರೇ ಕೈಗಿಟ್ಟಳು.

"ಬಾಯಿ ಮುಚ್ಚಿಕೊಂಡು ನೆಡಿ" ಎಂದಳು. ಹೇಳುವಾಗ ತುಟಿಯಂಚಿನಲ್ಲಿ ನಗು ಇತ್ತು. ನಾನು ಮೂರು ಸಾಲು ಬಾಯಿ ಮುಚ್ಚಿಕೊಂಡೇ ನೆಟ್ಟೆ, ಸೊಂಟ ಬಿದ್ದುಹೋಯಿತು.

ಹನ್ನೊಂದರ ಹೊತ್ತಿಗೆ ಹಿರಿಯವಳ ಫೋನು ಬಡಿದುಕೊಂಡಿತು. ಕಿರಿಯವಳು ನನ್ನ ಪಕ್ಕದಲ್ಲೇ ಗುಂಡಿ ತೋಡುತ್ತಿದ್ದಳು, ಮೆಲ್ಲಗೆ ಹೇಳಿದಳು. "ಭಾವ. ಹೊರಗಿದ್ದಾಗ ಯಾವಾಗ ಫೋನ್ ಬರುತ್ತೋ ಅಂತ ಹದಿನೆಂಟು ವರ್ಷದಿಂದ ಅಕ್ಕ ಕಾಯ್ತಾನೇ ಇದ್ದಾಳೆ. ಒಂದು ರಿಂಗ್ ಆಗೋದ್ರೊಳಗೆ ಎತ್ತಿಬಿಡ್ತಾಳೆ."

ಅವತ್ತು ಒಂದು ರಿಂಗಾಯಿತು, ಎರಡಾಯಿತು, ಮೂರಾಯಿತು. ಹಿರಿಯವಳು ಕೈಯಲ್ಲಿದ್ದ ಸಸಿಯನ್ನು ಗುಂಡಿಗಿಟ್ಟು, ಬುಡಕ್ಕೆ ಮಣ್ಣು ಎಳೆದು, ಎರಡು ಹೆಬ್ಬೆರಳಿಂದ ಒತ್ತಿ, ಆಮೇಲೆ ಫೋನೆತ್ತಿದಳು.

"ಕೆಲಸದಲ್ಲಿದ್ದೀನಿ ರೀ. ಸಂಜೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು.

ಇಟ್ಟ ಮೇಲೆ ತಾನೇ ಗಾಬರಿಯಾದವಳಂತೆ ಫೋನನ್ನು ನೋಡುತ್ತಾ ನಿಂತಳು. ಕಿರಿಯವಳು ಕಿಸಕ್ಕನೆ ನಕ್ಕಳು, ಹಿರಿಯವಳಿಗೂ ನಗು ತಡೆಯಲಾಗಲಿಲ್ಲ, ಇಬ್ಬರೂ ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಣ್ಣಕ್ಕ ಆಚೆ ಸಾಲಿನಲ್ಲಿ ಕೈ ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಅವರ ಕಣ್ಣೂ ತುಂಬಿತ್ತು.

"ತಮ್ಮಾ, ಎಷ್ಟು ಸಾವಿರ ವರದಿ ಬರೆದಿದ್ದೀನೋ ಏನೋ" ಎಂದರು. "ವರದಿ ಕೊಟ್ಟ ಮೇಲೆ ಹೊಲದಲ್ಲಿ ಏನಾಗುತ್ತೆ ಅಂತ ನೋಡಿದ್ದು ಇದೇ ಮೊದಲು."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬಗ್ಗಿ ಮುಂದಿನ ಸಸಿ ಎತ್ತಿಕೊಂಡು, ಇನ್ನೂ ಹನ್ನೊಂದು ಸಾಲು ಬಾಕಿ ಇದೆ ಎಂದು ನೆಡಲು ಶುರು ಮಾಡಿದ್ದರು.